ನೆರಳನ್ನು ನಿರ್ದೇಶಿಸಿದವರು

(ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ)

ಅನಿಮೇಷನ್ ಚಿತ್ರವೆಂಬುದು ಪರದೇಶದವರು ಕಂಡುಹಿಡಿದು, ಪರದೇಶದವರೇ ಬೆಳೆಸಿದ ವಿದ್ಯೆ. ನಮಗೆ ಉಳಿದಿರುವುದು ಟಿಕೆಟ್ಟು ಕೊಂಡು ನೋಡುವ ಕೆಲಸ ಮಾತ್ರ ಎಂಬ ಅಭಿಪ್ರಾಯ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. 2025ರಲ್ಲಿ ‘ಮಹಾವತಾರ್ ನರಸಿಂಹ’ ತೆರೆಗೆ ಬಂದಾಗ ನಮ್ಮ ತರಗತಿಯ ಬಹುಪಾಲು ಹುಡುಗರು ಗುಂಪುಗಟ್ಟಿ ಹೋಗಿ ನೋಡಿ ಬಂದರು. ಆ ಬಳಿಕ ಹಲವು ದಿನ ಬಿಡುವಿನ ವೇಳೆಯಲ್ಲೆಲ್ಲ ಅದೇ ಮಾತು. ಒಬ್ಬನು ಈ ಕಲೆಗೆ ಮೂಲಪುರುಷ ಅಮೆರಿಕದ ವಾಲ್ಟ್ ಡಿಸ್ನಿ ಎಂದನು. ಇನ್ನೊಬ್ಬನು ಜಪಾನಿನ ಮಿಯಾಜಾಕಿಯ ಮುಂದೆ ಡಿಸ್ನಿ ಏನೂ ಅಲ್ಲವೆಂದನು. ಮತ್ತೊಬ್ಬನು ಇದೆಲ್ಲ ಕಂಪ್ಯೂಟರಿನ ಮಹಿಮೆ, ಮನುಷ್ಯನದೇನಿದೆ ಎಂದು ವಾದವನ್ನೇ ಮುಗಿಸಿಬಿಟ್ಟನು. ಬೆಳಗಲ್ಲು ವೀರಣ್ಣನವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬೆಳಗಲ್ಲು ಎಂಬುದು ನಮ್ಮ ಬಳ್ಳಾರಿ ತಾಲ್ಲೂಕಿನದೇ ಊರು.

ತೊಗಲುಗೊಂಬೆಯಾಟಕ್ಕೂ ಅನಿಮೇಷನ್ ಚಿತ್ರಕ್ಕೂ ಎಲ್ಲಿಯ ಸಂಬಂಧವೆಂದು ಕೇಳುವವರು ಇದ್ದಾರೆ. ಒಂದು ಹಳ್ಳಿಯವರ ಹಳೆಯ ಆಟ, ಇನ್ನೊಂದು ಹೊಸ ಯುಗದ ಉದ್ಯಮ ಎಂಬುದು ಅವರ ಎಣಿಕೆ. ಈ ಎಣಿಕೆ ಸರಿಯಲ್ಲವೆಂಬುದೇ ಈ ಲೇಖನದ ವಾದ. ವಾದವನ್ನು ನಿಲ್ಲಿಸುವುದಕ್ಕೆ ನಾನು ಮೊದಲು ಜರ್ಮನಿಗೆ ಹೋಗಿ ಬರಬೇಕಾಗಿದೆ. ವಾಚಕರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ಅನಿಮೇಷನ್ನಿನ ಇತಿಹಾಸದಲ್ಲಿ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳ ಹೆಸರು ಬಹು ದೊಡ್ಡದು. (ಹೆಸರು ಕೇಳಿ ನಗಬಾರದು, ಆಕೆ ಮಾಡಿದ್ದರಲ್ಲಿ ಲೊಟ್ಟೆ ಏನೂ ಇಲ್ಲ.) ಆಕೆ 1899ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದಳು. ಎಳವೆಯಿಂದಲೇ ಕತ್ತರಿ ಹಿಡಿದು ಕಪ್ಪು ಕಾಗದದಲ್ಲಿ ನೆರಳುರೂಪಗಳನ್ನು ಕತ್ತರಿಸುವ ಕೈಚಳಕ ಆಕೆಗೆ ಒಲಿದಿತ್ತು. ನಾಟಕದ ಶಾಲೆ ಸೇರಿ, ಅಲ್ಲಿನ ನಟರ ನೆರಳುಚಿತ್ರಗಳನ್ನು ಕತ್ತರಿಸಿ ಕತ್ತರಿಸಿ ದೊಡ್ಡವರ ಕಣ್ಣಿಗೆ ಬಿದ್ದಳು. 1918ರಲ್ಲಿ ಪಾಲ್ ವೆಗೆನರ್ ಎಂಬ ನಟ-ನಿರ್ದೇಶಕನು ಹ್ಯಾಮೆಲಿನ್ನಿನ ಕಿಂದರಿಜೋಗಿಯ ಕಥೆಯನ್ನು ಚಿತ್ರ ಮಾಡುವಾಗ ಆಕೆಯ ನೆರವು ಪಡೆದನು. ನಮ್ಮ ಕುವೆಂಪು ಅವರಿಂದಾಗಿ ಕನ್ನಡದ ಮಕ್ಕಳೆಲ್ಲರಿಗೂ ಗೊತ್ತಿರುವ ಆ ಕಥೆಯ ಇಲಿಗಳು ನಿರ್ದೇಶಕನ ಮಾತು ಕೇಳದೆ ದಿಕ್ಕಾಪಾಲಾಗಿ ಓಡಿದುವಂತೆ. ಕಡೆಗೆ ಮರದ ಇಲಿಗಳನ್ನು ಮಾಡಿ, ಒಂದೊಂದು ಚಿತ್ರಕ್ಕೂ ಒಂದಿಷ್ಟು ಸರಿಸಿ, ಅವುಗಳನ್ನು ‘ಓಡಿಸ’ಬೇಕಾಯಿತು. ಮರುವರ್ಷವೇ ಆಕೆ ತನ್ನ ಮೊದಲ ಸ್ವಂತ ನೆರಳುಚಿತ್ರವನ್ನು ತೆಗೆದಳು.

ಆಗ ಜರ್ಮನಿಯಲ್ಲಿ ಹಣಕ್ಕೆ ಬೆಲೆಯೇ ಇಲ್ಲದಂತಾದ ಕಾಲ. ಬೆಳಗಿನ ಸಂಬಳ ಸಂಜೆಗೆ ಕಾಗದವಾಗುತ್ತಿತ್ತು. ಲೂಯಿ ಹಾಗೆನ್ ಎಂಬ ಬ್ಯಾಂಕಿನ ಮಾಲೀಕನು ಹಣವನ್ನು ಇಟ್ಟುಕೊಳ್ಳುವುದಕ್ಕಿಂತ ಸರಕು ಇಟ್ಟುಕೊಳ್ಳುವುದು ಲೇಸೆಂದು ಬಗೆದು, ಖಾಲಿ ಫಿಲ್ಮಿನ ರಾಶಿಯನ್ನೇ ಕೊಂಡಿಟ್ಟಿದ್ದನು. ಆತನು ಆ ಫಿಲ್ಮನ್ನು ರೈನಿಗರಳಿಗೆ ಕೊಟ್ಟು ಪೂರ್ಣಾವಧಿಯ ಚಿತ್ರವೊಂದನ್ನು ಮಾಡು ಎಂದನು. ಪಾಟ್ಸ್‌ಡಾಮಿನಲ್ಲಿದ್ದ ಆತನ ಮನೆಯ ಮೋಟಾರು ಕೊಟ್ಟಿಗೆಯ ಮೇಲಿನ ಅಟ್ಟವೇ ಸ್ಟುಡಿಯೋ ಆಯಿತು. 1923ರಿಂದ 1926ರವರೆಗೆ ಮೂರು ವರ್ಷ ಆಕೆ, ಆಕೆಯ ಗಂಡ ಕಾರ್ಲ್ ಕೋಖ್, ನಾಲ್ಕಾರು ಸಂಗಡಿಗರು ಅಲ್ಲಿ ಕೂತು ಕೆಲಸ ಮಾಡಿದರು. ಗಾಜಿನ ಮೇಜು, ಕೆಳಗಿನಿಂದ ದೀಪ, ಮೇಲೆ ನೆಲದ ಕಡೆಗೆ ಮುಖಮಾಡಿದ ಕ್ಯಾಮರಾ. ಗಾಜಿನ ಮೇಲೆ ಕಪ್ಪು ರಟ್ಟಿನಲ್ಲೂ ತೆಳು ಸೀಸದ ತಗಡಿನಲ್ಲೂ ಕತ್ತರಿಸಿ, ಸಂದುಸಂದಿಗೆ ತಂತಿ ಕಟ್ಟಿದ ಗೊಂಬೆಗಳು. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು ತೆಗೆಯುವುದು. ಈಗಿನ ಲೆಕ್ಕದಲ್ಲಿ ಒಂದು ಸೆಕೆಂಡಿನ ಚಲನೆಗೆ ಇಂಥ 24 ಚಿತ್ರಗಳು ಬೇಕು. ನಾವು ಒಮ್ಮೆ ಸೀನುವಷ್ಟರಲ್ಲಿ ಮುಗಿಯುವ ಚಲನೆಗೆ ಅರ್ಧ ದಿನದ ದುಡಿಮೆ.

ಹೀಗೆ ಹುಟ್ಟಿದ್ದೇ ‘ರಾಜಕುಮಾರ ಅಹ್ಮದನ ಸಾಹಸಗಳು’. ಕಥೆ ನಮ್ಮ ಕಡೆಯದೇ ಎನ್ನಬೇಕು. ಅರಬ್ಬಿಯ ಸಾವಿರದೊಂದು ರಾತ್ರಿಗಳಿಂದ ಆರಿಸಿದ್ದು. ಹಾರುವ ಕುದುರೆ, ಅಲ್ಲಾದೀನನ ದೀಪ, ಮಾಟಗಾರ, ಪರೀಬಾನು ಎಲ್ಲರೂ ಇದ್ದಾರೆ. ಸುಮಾರು 65 ನಿಮಿಷದ ಈ ಚಿತ್ರ 1926ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಮೊದಲು ಪ್ರದರ್ಶನವಾಯಿತು. ಡಿಸ್ನಿಯ ‘ಸ್ನೋ ವೈಟ್’ ಬಂದದ್ದು 1937ರಲ್ಲಿ, ಅಂದರೆ ಹನ್ನೊಂದು ವರ್ಷ ತಡವಾಗಿ. ಇನ್ನೂ ಮೊದಲು, 1917ರಲ್ಲಿ, ಅರ್ಜೆಂಟೀನಾದ ಕ್ವಿರಿನೊ ಕ್ರಿಸ್ಟಿಯಾನಿ ಎಂಬಾತನು ರಟ್ಟಿನ ಗೊಂಬೆಗಳಿಂದಲೇ ಒಂದು ದೀರ್ಘ ಚಿತ್ರ ಮಾಡಿದ್ದನು. ಆದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಆದುದರಿಂದ ಇಂದು ನಾವು ಕಣ್ಣಾರೆ ನೋಡಬಹುದಾದ ಅತ್ಯಂತ ಹಳೆಯ ಪೂರ್ಣಾವಧಿಯ ಅನಿಮೇಷನ್ ಚಿತ್ರ ರೈನಿಗರಳದೇ. ಭಾರತದಲ್ಲೂ ದಾದಾಸಾಹೇಬ್ ಫಾಲ್ಕೆಯವರು 1915ರಷ್ಟು ಹಿಂದೆಯೇ ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ಪುಟ್ಟ ಚಿತ್ರ ಮಾಡಿದ್ದರು. ಅದೂ ಉಳಿದಿಲ್ಲ.

ಆಕೆಯ ಮುಂದಿನ ಬಾಳು ಸುಖದ್ದಲ್ಲ. ನಾಜಿಗಳ ಆಳ್ವಿಕೆ ಒಗ್ಗದೆ ಗಂಡಹೆಂಡಿರು ದೇಶ ಬಿಟ್ಟರು. ಯಾವ ದೇಶವೂ ಕಾಯಂ ನೆಲೆ ಕೊಡಲಿಲ್ಲ. ಒಂದು ದೇಶದ ಅನುಮತಿ ಮುಗಿದೊಡನೆ ಇನ್ನೊಂದು ದೇಶಕ್ಕೆ ಗಂಟುಮೂಟೆ. ಯುದ್ಧದ ಕಡೆಯ ದಿನಗಳಲ್ಲಿ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವುದಕ್ಕೆಂದು ಬಾಂಬು ಬೀಳುತ್ತಿದ್ದ ಬರ್ಲಿನ್ನಿಗೇ ಮರಳಿದಳು. 1949ರಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿ ಟೆಲಿವಿಷನ್ನಿಗಾಗಿ ಮಕ್ಕಳ ಕಥೆಗಳನ್ನು ಸಾಲಾಗಿ ಮಾಡಿದಳು. ಅವುಗಳಲ್ಲೊಂದಕ್ಕೆ 1955ರಲ್ಲಿ ವೆನಿಸ್ಸಿನಲ್ಲಿ ಬಹುಮಾನ ಬಂತು. 1963ರಲ್ಲಿ ಗಂಡ ತೀರಿಕೊಂಡ ಮೇಲೆ ಬಹುಕಾಲ ಕತ್ತರಿ ಕೆಳಗಿಟ್ಟಿದ್ದಳು. ಎಪ್ಪತ್ತು ದಾಟಿದ ಮೇಲೆ ಮತ್ತೆ ಕೈಗೆತ್ತಿಕೊಂಡಳು. 1981ರಲ್ಲಿ ನಿಧನ. ಅಹ್ಮದನ ಮೂಲ ನೆಗೆಟಿವ್ ನಾಶವಾಗಿ ಹೋಗಿತ್ತು. ಇಂಗ್ಲೆಂಡಿನಲ್ಲಿ ಉಳಿದಿದ್ದ ಪ್ರತಿಯಿಂದ ಅದನ್ನು ಮತ್ತೆ ಕಟ್ಟಿದರು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಬಿನ್ನಹ; ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಈಗ ನಮ್ಮೂರಿಗೆ ಬರೋಣ. ತೊಗಲುಗೊಂಬೆಯವರ ಸಾಮಗ್ರಿ ಏನು? ಮೇಕೆಯ ಚರ್ಮ, ಹಿಂದೆ ದೇವಾನುದೇವತೆಗಳಿಗೆ ಜಿಂಕೆಯ ಚರ್ಮ. ಕೂದಲು ಹೆರೆದು, ಬಿಗಿದು ಒಣಗಿಸಿದರೆ ಚರ್ಮ ಎಣ್ಣೆ ಹಚ್ಚಿದ ಕಾಗದದಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಗೆರೆ ಕೊರೆದು, ಒಡವೆ ವಸ್ತ್ರಗಳ ಜಾಗದಲ್ಲಿ ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ಕಟ್ಟಿ, ನಡುವೆ ಬಿದಿರಿನ ಸೀಳು ಬಿಗಿಯುತ್ತಾರೆ. ಮುಂದೆ ಬಿಳಿಯ ಪರದೆ, ಹಿಂದೆ ದೀಪ. ಹಿಂದೆ ಎಣ್ಣೆಯ ಹಣತೆ, ಆಮೇಲೆ ಗ್ಯಾಸ್‌ಲೈಟು, ಈಗ ವಿದ್ಯುತ್ ಬಲ್ಬು. ಗಾಜಿನ ಮೇಜನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಅದೇ ಪರದೆಯಾಗುತ್ತದೆ. ಇಷ್ಟಕ್ಕೂ ರೈನಿಗರಳ ನೆರಳು ಕಪ್ಪು. ನಮ್ಮವರದು ಬಣ್ಣದ ನೆರಳು. ಆಕೆ ಬಣ್ಣವನ್ನು ಫಿಲ್ಮಿಗೆ ಬೇರೆಯಾಗಿ ಬಳಿಯಬೇಕಾಯಿತು. ನಮ್ಮ ಸೀತೆಯ ಸೀರೆಯ ಕೆಂಪು ದೀಪದಿಂದಲೇ ಹೊಳೆದು ಬರುತ್ತದೆ.

ಚಲನೆಯ ವಿಷಯವನ್ನು ತೆಗೆದುಕೊಳ್ಳಿ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆಗೆರೆಯೂ ಸ್ಪಷ್ಟ. ಅದನ್ನೇ ಹಿಂದಕ್ಕೆ, ದೀಪದ ಕಡೆಗೆ ಎಳೆದರೆ ನೆರಳು ಉಬ್ಬಿ, ಮಸುಕಾಗಿ, ಪರದೆಯ ತುಂಬ ಹರಡಿಕೊಳ್ಳುತ್ತದೆ. ಲಂಕೆಗೆ ಹಾರುವ ಹನುಮಂತ ಬೆಳೆದದ್ದನ್ನು ತೋರಿಸುವುದಕ್ಕೆ ಇದಕ್ಕಿಂತ ಸುಲಭ ಉಪಾಯ ಯಾವ ಕಂಪ್ಯೂಟರಿನಲ್ಲಿದೆ? ಒಂದೇ ಪಾತ್ರಕ್ಕೆ ಬೇರೆ ಬೇರೆ ಅಳತೆಯ, ಬೇರೆ ಬೇರೆ ನಿಲುವಿನ ಗೊಂಬೆಗಳಿರುತ್ತವೆ. ಕೂತ ರಾಮ ಬೇರೆ, ಬಿಲ್ಲು ಹಿಡಿದ ರಾಮ ಬೇರೆ. ಗೊಂಬೆಗಳು ಗೇಣುದ್ದದಿಂದ ಎದೆಯೆತ್ತರದವರೆಗೆ. ನಮ್ಮ ಕರ್ನಾಟಕದ ವಿಶೇಷವೆಂದರೆ ಇಡೀ ಒಂದು ಸನ್ನಿವೇಶವನ್ನೇ, ಮರ, ಮನೆ, ಮನುಷ್ಯರೊಡನೆ ಒಂದೇ ಚರ್ಮದಲ್ಲಿ ಕೊರೆದ ಗೊಂಬೆಗಳೂ ಉಂಟು. ಪಕ್ಕದ ಅನಂತಪುರ ಜಿಲ್ಲೆಯ ಕಡೆಯ ಗೊಂಬೆಗಳಾದರೋ ಆಳೆತ್ತರ. ಕೈಕಾಲುಗಳ ಸಂದು ಹೆಚ್ಚು, ಕುಣಿತ ಹೆಚ್ಚು. ಬಳ್ಳಾರಿ ಈ ಎರಡರ ಗಡಿ. ಗಣಪತಿ ಸರಸ್ವತಿಯರ ಸ್ತುತಿಯಾದ ಮೇಲೆ ಬರುವ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಜೋಡಿಗೆ ಮಾತ್ರ ನಮ್ಮಲ್ಲೂ ಮೈಯೆಲ್ಲ ಸಂದು. ರಾಮನ ಬಾಯಿಂದ ಬರಬಾರದ ಊರಿನ ಗುಟ್ಟೆಲ್ಲ ಅವರ ಬಾಯಿಂದ ಬರುತ್ತದೆ. ತುರ್ಕಿಯ ಕರಗೋಜ್, ಗ್ರೀಸಿನ ಕರಗಿಯೋಜಿಸ್, ಜಾವಾದ ಸೆಮಾರ್ ಎಲ್ಲರೂ ಇವನ ದಾಯಾದಿಗಳೆಂದು ನನಗೆ ತೋರುತ್ತದೆ. ದೇವರ ಕಥೆ ಹೇಳುವ ನೆರಳಿಗೆಲ್ಲ ದೇವರನ್ನು ಅಣಕಿಸುವ ಒಬ್ಬ ಕುರೂಪಿ ಬೇಕೇ ಬೇಕು.

ಇಷ್ಟೆಲ್ಲವನ್ನೂ ನಡೆಸುವವನು ಒಬ್ಬನೇ. ಎರಡು ಕೈಯಲ್ಲಿ ಎರಡು ಮೂರು ಗೊಂಬೆ, ಬಾಯಲ್ಲಿ ನಾಲ್ಕಾರು ದನಿ, ಕಾಲಲ್ಲಿ ತಾಳ. ಹೆಣ್ಣಿನ ಪಾತ್ರಗಳಿಗೆ ಮನೆಯ ಹೆಂಗಸರ ದನಿ. ಪಕ್ಕದಲ್ಲಿ ಮದ್ದಳೆ, ಹಾರ್ಮೋನಿಯಂ. ಯಾವ ಗೊಂಬೆ ಯಾವಾಗ, ದೀಪಕ್ಕೆಷ್ಟು ದೂರ, ಮಾತೆಷ್ಟು, ಮೌನವೆಷ್ಟು ಎಂಬುದನ್ನೆಲ್ಲ ಗೊತ್ತುಮಾಡುವವನನ್ನು ಸಿನಿಮಾದಲ್ಲಿ ನಿರ್ದೇಶಕನೆನ್ನುತ್ತೇವೆ. ಹಳ್ಳಿಯಲ್ಲಿ ‘ಗೊಂಬೆಯವ’ ಎನ್ನುತ್ತೇವೆ, ಅದೂ ಏಕವಚನದಲ್ಲಿ.

ಬೆಳಗಲ್ಲು ವೀರಣ್ಣನವರು ಈ ಏಕವಚನವನ್ನು ಬಹುವಚನ ಮಾಡಿದವರು. ಅವರು ನಾಟಕದ ನಟರೂ ಹೌದು, ಹಾಡುಗಾರರೂ ಹೌದು. ಬಳ್ಳಾರಿ ರಾಘವರು (1880–1946) ಮೆರೆದ, ಜೋಳದರಾಶಿ ದೊಡ್ಡನಗೌಡರು ಬೆಳೆಸಿದ ರಂಗಭೂಮಿಯ ಸೀಮೆಯವರಾದ ಅವರಿಗೆ ಮಾತಿನ ಓಘವೂ ಗೊತ್ತು, ಜನರ ನಾಡಿಯೂ ಗೊತ್ತು. ರಾಮಾಯಣ ಮಹಾಭಾರತಗಳಿಗಷ್ಟೇ ಪರದೆ ಮೀಸಲೆಂದು ಅವರು ತಿಳಿಯಲಿಲ್ಲ. ಸ್ವಾತಂತ್ರ್ಯ ಹೋರಾಟವನ್ನು ತೊಗಲಿನಲ್ಲಿ ಕೊರೆದರು. ಮಹಾತ್ಮ ಗಾಂಧಿಯವರ ಜೀವನವನ್ನೇ ಗೊಂಬೆಯಾಟ ಮಾಡಿದರು. ಇದು ಸಣ್ಣ ಮಾತಲ್ಲ. ರಾಮನಿಗೆ ಕಿರೀಟವಿದೆ, ರಾವಣನಿಗೆ ಹತ್ತು ತಲೆಯಿದೆ. ನೆರಳು ಬಿದ್ದೊಡನೆ ಗುರುತು ಸಿಗುತ್ತದೆ. ಬರಿಮೈಯ, ಕೋಲು ಹಿಡಿದ ಮುದುಕನನ್ನು ಪರದೆಯ ಮೇಲೆ ನಾಯಕನಾಗಿ ನಿಲ್ಲಿಸಬೇಕಾದರೆ ಹಳೆಯ ಗೊಂಬೆಗಳಲ್ಲಿ ಮಾದರಿಯೇ ಇಲ್ಲ; ಹೊಸ ಗೆರೆ ಹುಟ್ಟಬೇಕು. ಪರಂಪರೆಯಿಂದ ಬಂದದ್ದನ್ನು ಒಪ್ಪಿಸುವವನು ಕುಶಲಿ. ಪರಂಪರೆಗೆ ಒಂದು ಹೊಸ ಪಾತ್ರವನ್ನು ಸೇರಿಸಿದವನನ್ನು ಕಲಾವಿದನೆನ್ನದೆ ವಿಧಿಯಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯಿತ್ತು ಗೌರವಿಸಿತು. ಎಂಬತ್ತು ದಾಟಿದ ಮೇಲೂ ಅವರು ಸುಮ್ಮನೆ ಮನೆಯಲ್ಲಿ ಕೂತವರಲ್ಲ. 2023ರ ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ನಾನು ಪದವಿ ತರಗತಿಗೆ ಇನ್ನೂ ಬಂದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಬಲವಾದದ್ದೇ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನು, “ಗೊಂಬಿ ಆಡಿಸಿದ್ದು ಆಡಿಸಿದಂಗೇ ಹೋತು. ಫಿಲಮಿನ್ಯಾಗ ಇದ್ರಲ್ಲೇನಪ ಅದು ಸಿನಿಮಾ?” ಎಂದು ಕೇಳಿದನು. ಅನಿಮೇಷನ್ನಿನ ಜೀವಾಳವೇ ಚಿತ್ರಚಿತ್ರವಾಗಿ ಕಟ್ಟುವುದು. ಗೊಂಬೆಯಾಟವಾದರೋ ಆ ಕ್ಷಣದ ಕೈಯಾಟ ಎಂಬುದು ಅವನ ವಾದ. ಭೇದವಿದೆ, ಒಪ್ಪುತ್ತೇನೆ. ರೈನಿಗರಳ ಗೊಂಬೆ ಚಲಿಸುವುದು ನಮ್ಮ ಕಣ್ಣಿನ ಭ್ರಮೆಯಲ್ಲಿ. ವೀರಣ್ಣನವರ ಗೊಂಬೆ ಚಲಿಸಿದ್ದು ಅವರ ಕೈಯಲ್ಲಿ. ಆದರೆ ಫಿಲ್ಮಿನಲ್ಲಿರುವುದು ಉಳಿಯುತ್ತದೆ, ಆಡಿದ್ದು ಅಳಿಯುತ್ತದೆ ಎಂಬ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾರೆ. ಕ್ರಿಸ್ಟಿಯಾನಿಯ ಚಿತ್ರ ಹೋಯಿತು, ಫಾಲ್ಕೆಯವರದು ಹೋಯಿತು; ರೈನಿಗರಳದು ಹೋಗಿಯೇಬಿಟ್ಟಿತ್ತು, ದೂರದ ದೇಶದಲ್ಲಿ ಯಾರೋ ಒಂದು ಪ್ರತಿಯನ್ನು ಜೋಪಾನವಾಗಿಟ್ಟಿದ್ದರಿಂದ ಬದುಕಿತು. ಉಳಿಸಿದ್ದು ಫಿಲ್ಮಲ್ಲ, ಇಟ್ಟುಕೊಂಡ ಜನ. ನಮ್ಮಲ್ಲಿ ಆ ಜನ ಯಾರು ಎಂಬುದೇ ಪ್ರಶ್ನೆ.

ನಮ್ಮಜ್ಜಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯವಳು. ಅಕ್ಷರ ಬಾರದು. ಆಕೆಯ ನೆನಪಿನಲ್ಲಿ ಗೊಂಬೆಯವರು ಬರುತ್ತಿದ್ದುದು ಮಳೆ ಕೈಕೊಟ್ಟ ವರ್ಷ. “ಮಳಿ ಹೋದ ವರ್ಷ ಊರೆಲ್ಲಾ ಪಟ್ಟಿ ಎತ್ತಿ ಅವ್ರನ್ನ ಕರಸ್ತಿದ್ವಿ. ರಾತ್ರಿ ಪೂರಾ ಆಟ. ದುಡ್ಡು ಯಾರತಲ್ಲಿತ್ತು? ಸೇರು ಜೋಳ ಕೊಡ್ತಿದ್ವಿ” ಎನ್ನುತ್ತಾಳೆ. ಆಮೇಲೆ ತುಂಗಭದ್ರೆಯ ಕಾಲುವೆ ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳೆದ್ದವು. ಮಳೆಗಾಗಿ ಗೊಂಬೆ ಆಡಿಸುವ ಅಗತ್ಯವೇ ಉಳಿಯಲಿಲ್ಲ. ಕಾಲುವೆಯನ್ನು ದೂರುವ ಮೂರ್ಖನು ನಾನಲ್ಲ. ನಮ್ಮಪ್ಪ ಅಂಥ ಗಿರಣಿಯೊಂದರಲ್ಲಿ ಮೂಟೆ ಹೊತ್ತದ್ದರಿಂದಲೇ ನಾನು ಈ ಕಾಲೇಜಿನ ಬೆಂಚಿನ ಮೇಲೆ ಕೂತಿದ್ದೇನೆ. ಆದರೆ ನೀರು ಬಂದ ಊರಲ್ಲಿ ಒಂದು ಕಲೆಗೆ ಊಟ ತಪ್ಪಿದ್ದು ನಿಜ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಎರಡು ವರ್ಷದ ಹಿಂದೆ ಕುರುಗೋಡು ಕಡೆಯ ಹಳ್ಳಿಯೊಂದರಲ್ಲಿ ಬಂಧುಗಳ ಮನೆಗೆ ಹಬ್ಬಕ್ಕೆ ಹೋಗಿದ್ದಾಗ ಒಂದು ಸಣ್ಣ ಮೇಳದ ಆಟ ನೋಡುವ ಅವಕಾಶ ಸಿಕ್ಕಿತು. ನಾನು ಪರದೆಯ ಹಿಂದಕ್ಕೆ ಹೋಗಿ ಕೂತೆ. ಬಿದಿರಿನ ಪೆಟ್ಟಿಗೆಯಲ್ಲಿ ಗೊಂಬೆಗಳು ಒಂದರ ಮೇಲೊಂದು ಮಲಗಿದ್ದವು. ಯಾವುದು ಯಾವಾಗ ಬೇಕೋ ಆ ಸರದಿಯಲ್ಲಿ. ಆ ಅಜ್ಜ ನೋಡದೆಯೇ ಕೈ ಹಾಕಿ ಬೇಕಾದ್ದನ್ನೇ ಎತ್ತುತ್ತಿದ್ದನು. ತಮ್ಮತಮ್ಮೊಳಗೆ ಅವರು ಮಾತಾಡುತ್ತಿದ್ದುದು ಮರಾಠಿಯ ಹಾಗೆ ಕೇಳುವ ಮನೆಮಾತು. ಪರದೆಗೆ ಮುಖ ತಿರುಗಿಸಿದೊಡನೆ ನಡುಗನ್ನಡ ಬೆರೆತ ಗಂಭೀರ ಕನ್ನಡ. ನಮ್ಮ ಪಠ್ಯದಲ್ಲಿ ಟಿಪ್ಪಣಿಯ ಸಹಾಯದಿಂದ ಅರ್ಥಮಾಡಿಕೊಳ್ಳುವ ಮಾತುಗಳನ್ನು ಶಾಲೆಯ ಮೆಟ್ಟಿಲು ಹತ್ತದ ಆ ಮನುಷ್ಯ ನೀರು ಕುಡಿದಂತೆ ಆಡುತ್ತಿದ್ದನು. ಸುಂದರಕಾಂಡ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಆಚೆ ಬೀದಿಯಲ್ಲಿ ಡಿ.ಜೆ. ಹಚ್ಚಿದರು. ಹುಡುಗರೆಲ್ಲ ಎದ್ದು ಅತ್ತ ನಡೆದರು. ಉಳಿದವರು ಹತ್ತು ಹನ್ನೆರಡು ಮಂದಿ ಮುದುಕರು, ನಿದ್ದೆ ಹೋದ ಕೆಲವು ಕೂಸುಗಳು. ಅಜ್ಜ ಆಟ ನಿಲ್ಲಿಸಲಿಲ್ಲ; ದನಿಯನ್ನೂ ಏರಿಸಲಿಲ್ಲ. ಲಂಕೆಯನ್ನು ಸುಟ್ಟೇ ಎದ್ದನು.

ಬೆಳಿಗ್ಗೆ ಹೊರಡುವಾಗ, “ಅಜ್ಜಾ, ಮೊಮ್ಮಕ್ಕಳು ಕಲಿತಾರೇನು?” ಎಂದೆ. “ಕಲಿತು ಏನ್ ಮಾಡ್ತಾವಪ್ಪಾ? ಬೆಂಗಳೂರಾಗ ಗಾರೆ ಕೆಲಸಕ್ಕ ಹೋಗ್ಯಾವ. ದಿನಕ್ಕ ಇಂತಿಷ್ಟು ಅಂತ ಬರ್ತದ” ಎಂದನು. ಅವನ ದನಿಯಲ್ಲಿ ದೂರು ಇರಲಿಲ್ಲ.

ಇದಕ್ಕೆ ಸಮಾಧಾನ ಹೇಳುವವರು ಸರ್ಕಾರದ ಕಾರ್ಯಕ್ರಮಗಳನ್ನು ತೋರಿಸುತ್ತಾರೆ. ಹೌದು, ಗೊಂಬೆ ಮೇಳಗಳನ್ನು ಕರೆಸಿ ಶೌಚಾಲಯ ಕಟ್ಟಿಸಿರಿ, ಮತ ಹಾಕಿರಿ, ಲಸಿಕೆ ಹಾಕಿಸಿರಿ ಎಂದು ಹೇಳಿಸುತ್ತಾರೆ. ಒಳ್ಳೆಯ ಸಂದೇಶಗಳೇ, ಸಂಭಾವನೆಯೂ ಸಿಗುತ್ತದೆ. ಆದರೆ ಲಂಕಾದಹನ ಮಾಡಬಲ್ಲವನನ್ನು ಕರೆತಂದು ‘ಕೈ ತೊಳೆದುಕೊಳ್ಳಿ’ ಎಂದಷ್ಟೇ ಹೇಳಿಸಿ ಕಳುಹಿಸುವುದು, ಬೀಸುವ ಕಲ್ಲಿನಿಂದ ಕಾಗದ ಹಾರದಂತೆ ಒತ್ತಿಡುವ ಹಾಗೆ. ವೀರಣ್ಣನವರು ಗಾಂಧಿಯನ್ನು ತಂದದ್ದು ಯಾರದೋ ಸುತ್ತೋಲೆಯ ಪ್ರಕಾರವಲ್ಲ, ಕಥೆಯಾಗಿ ತಂದರು.

ವಸ್ತುಸಂಗ್ರಹಾಲಯದ ಮಾತೂ ಬರುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪ್ರೊ. ಎಂ.ಎಸ್. ನಂಜುಂಡರಾಯರು ನಾಡೆಲ್ಲ ತಿರುಗಿ ಕೂಡಿಸಿದ ಗೊಂಬೆಗಳ ದೊಡ್ಡ ಸಂಗ್ರಹವಿದೆ. ಅವರು ಕೂಡಿಸದಿದ್ದರೆ ಎಷ್ಟೋ ಗೊಂಬೆಗಳು ವಿದೇಶೀ ಪ್ರವಾಸಿಗಳ ಗೋಡೆ ಸೇರುತ್ತಿದ್ದವು. ಅದು ಮಹೋಪಕಾರವೇ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಅಲುಗದೆ ನಿಂತ ಗೊಂಬೆ ಅರ್ಧ ಗೊಂಬೆ. ಈ ಕಲೆಯವರಲ್ಲಿ ಸವೆದು ಹೋದ ಗೊಂಬೆಯನ್ನು ಪೂಜಿಸಿ ಹೊಳೆಗೆ ಬಿಡುವ ರೂಢಿಯುಂಟು. ಸತ್ತದ್ದನ್ನು ಗೌರವದಿಂದ ಕಳಿಸಿ, ಹೊಸದನ್ನು ಕೊರೆಯುತ್ತಿದ್ದರು. ಈಗ ನಿಂತಿರುವುದು ಕೊರೆಯುವ ಕೈ. ಆಂಧ್ರದ ಧರ್ಮಾವರದ ಬಳಿಯ ನಿಮ್ಮಲಕುಂಟೆಯವರು ಅದೇ ಚರ್ಮದಿಂದ ದೀಪದ ಬುರುಡೆಗಳನ್ನು ಮಾಡಿ ಮಾರುತ್ತಾರೆ. ಕೆಲವರು ಅದನ್ನು ಕಲೆಯ ಅಧಃಪತನವೆಂದು ಮೂಗು ಮುರಿಯುತ್ತಾರೆ. ನಾನು ಮುರಿಯಲಾರೆ. ಆ ಬುರುಡೆಗಳು ಕೈಯನ್ನು ಕೆಲಸದಲ್ಲಿಟ್ಟವು. ಅದೇ ಊರಿನ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರಿಗೆ ಬಂತು. ಆಗ ಆ ತಾಯಿಗೆ ತೊಂಬತ್ತು ದಾಟಿತ್ತು. ‘ಶಿಳ್ಳೇಕ್ಯಾತ’, ‘ಕಿಳ್ಳೇಕ್ಯಾತ’ ಎಂಬ ಹೆಸರುಗಳನ್ನು ನಮ್ಮ ಕಡೆ ಒಬ್ಬರನ್ನೊಬ್ಬರು ಹೀಗಳೆಯುವುದಕ್ಕೆ ಬಳಸುತ್ತೇವೆ. ಆ ಹೆಸರನ್ನು ರಾಷ್ಟ್ರಪತಿ ಭವನದಲ್ಲಿ ಕೂಗಿ ಕರೆದರು. ನಮ್ಮ ಹಾಸ್ಟೆಲಿನಲ್ಲಿ ಈಗಲೂ ಅದು ಬೈಗುಳವೇ.

ಸ್ವಂತ ಮಾತೊಂದನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಮನೆಯಲ್ಲಿ ಬಿ.ಎ.ವರೆಗೆ ಬಂದವನು ನಾನೇ ಮೊದಲಿಗ. ನಮ್ಮವ್ವ ಬಳ್ಳಾರಿಯ ಜೀನ್ಸ್ ಬಟ್ಟೆಯ ಘಟಕವೊಂದರಲ್ಲಿ ಹೊಲಿಗೆ ಕೆಲಸದವಳು. ಅಲ್ಲಿ ಗಟ್ಟಿ ಬಟ್ಟೆಯ ಮೇಲೆ ಕತ್ತರಿ ಓಡುವುದನ್ನು ನೋಡಿ ಬೆಳೆದವನಿಗೆ ರೈನಿಗರಳ ಕತ್ತರಿಯಲ್ಲಿ ಪವಾಡವೇನೂ ಕಾಣದು. ನಮ್ಮ ಬೀದಿಯಲ್ಲೇ ಅಂಥ ಕೈಗಳಿವೆ ಎನಿಸುತ್ತದೆ. ಪದವಿಯ ನಂತರ ಅನಿಮೇಷನ್ ಕಲಿಯಬೇಕೆಂಬ ಆಸೆ ನನಗಿದೆ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕೇಳಿದಾಗ ಅವರು ಹೇಳಿದ ಶುಲ್ಕ ನಮ್ಮಪ್ಪನ ಹಲವು ವರ್ಷಗಳ ಗಳಿಕೆ. ಅಪ್ಪನ ಮುಂದೆ ವಿಷಯ ಎತ್ತಿದೆ. “ಗೊಂಬಿ ಆಡ್ಸಾಕ ಡಿಗ್ರಿ ಯಾಕಲೇ? ಬಿ.ಎಡ್. ಮಾಡು, ಮೇಷ್ಟ್ರಾಗು” ಎಂದನು. ಅಪ್ಪನ ಮಾತಿನಲ್ಲಿ ತಿರಸ್ಕಾರವಿದೆ ಎಂದು ನಾನು ತಿಳಿಯಲಿ��್ಲ. ಗೊಂಬೆ ಆಡಿಸಿದವರು ಏನನ್ನು ಉಂಡರೆಂಬುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಆದರೆ ಅವನ ಪ್ರಶ್ನೆಯನ್ನೇ ತಿರುಗಿಸಿ ನಮ್ಮ ವಿದ್ಯಾಸಂಸ್ಥೆಗಳಿಗೆ ಕೇಳಬೇಕೆನಿಸುತ್ತದೆ: ಗೊಂಬೆ ಆಡಿಸಿದವರಿಗೆ ಡಿಗ್ರಿ ಯಾಕಿಲ್ಲ? ಅನಿಮೇಷನ್ ಕಲಿಸುವವರು ಕುರುಗೋಡಿನ ಆ ಅಜ್ಜನನ್ನು ಒಂದು ತಿಂಗಳು ಕರೆದು ಸಂಬಳ ಕೊಟ್ಟು ಕೂರಿಸಿಕೊಂಡರೆ, ದೀಪಕ್ಕೂ ಪರದೆಗೂ ನಡುವಿನ ಒಂದು ಮೊಳದಲ್ಲಿ ಎಷ್ಟು ವಿದ್ಯೆಯಿದೆ ಎಂಬುದು ಹುಡುಗರಿಗೆ ಗೊತ್ತಾದೀತು. ಅಜ್ಜನ ಮೊಮ್ಮಗನೂ ಗಾರೆ ಕೆಲಸ ಬಿಟ್ಟು ಬಂದಾನು. ಅವನಿಗೆ ಬೇಕಾದ್ದು ಪ್ರಶಂಸೆಯಲ್ಲ, ದಿನದ ಕೂಲಿ.

ದೊಡ್ಡ ಸಂಸ್ಥೆಗಳು ಮಾಡುವಾಗ ಮಾಡಲಿ. ನಮ್ಮ ಕಾಲೇಜಿನ ಮಟ್ಟಿಗೆ ಎರಡು ಸೂಚನೆಗಳನ್ನು ಪ್ರಾಂಶುಪಾಲರ ಹಾಗೂ ಅಧ್ಯಾಪಕ ವೃಂದದ ಅವಗಾಹನೆಗೆ ತರುತ್ತೇನೆ. ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷವೂ ಸಿನಿಮಾ ಹಾಡಿನ ಕುಣಿತಕ್ಕೆ ಮೂರು ಗಂಟೆ ಮೀಸಲಿಡುತ್ತೇವೆ. ಅದರಲ್ಲಿ ಒಂದೂವರೆ ಗಂಟೆಯನ್ನು ನಮ್ಮ ಜಿಲ್ಲೆಯ ಒಂದು ಮೇಳಕ್ಕೆ ಕೊಡೋಣ. ಹಾರ ಶಾಲಿನಲ್ಲಿ ಮುಗಿಸದೆ, ವಾದ್ಯವೃಂದಕ್ಕೆ ಕೊಡುವಷ್ಟೇ ಸಂಭಾವನೆ ಕೊಡೋಣ. ಮರುದಿನ ಅದೇ ಸಭಾಂಗಣದಲ್ಲಿ ರೈನಿಗರಳ ಅಹ್ಮದನನ್ನು ತೋರಿಸೋಣ; ಎರಡನ್ನೂ ನೋಡಿದ ಮೇಲೆ ನನ್ನ ಗೆಳೆಯನು ತನ್ನ ಆಕ್ಷೇಪಣೆಯನ್ನು ಮತ್ತೆ ಎತ್ತಲಿ, ಆಗ ವಾದಕ್ಕೆ ಕಳೆ ಬಂದೀತು.

ಎರಡನೆಯದಕ್ಕೆ ಹಣವೂ ಬೇಡ. ನಮ್ಮಲ್ಲಿ ಓದುವವರು ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯ ನೂರಾರು ಹಳ್ಳಿಗಳಿಂದ ಬಂದವರು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕನ್ನಡ ವಿಭಾಗದವರು ಆಂತರಿಕ ಅಂಕಗಳಿಗೆ ಪ್ರತಿ ವರ್ಷ ಅದೇ ಹಳೆಯ ಪ್ರಬಂಧಗಳನ್ನು ಬರೆಸುವ ಬದಲು, ಗೊಂಬೆಯ ಪೆಟ್ಟಿಗೆ ಇನ್ನೂ ಉಳಿದಿರುವ ಮನೆಗೆ ಹೋಗಿ, ಅವರ ಒಪ್ಪಿಗೆ ಕೇಳಿ, ಒಂದು ಪ್ರಸಂಗದ ಹಾಡು-ಮಾತುಗಳನ್ನು ಪೂರ್ತಿಯಾಗಿ ಧ್ವನಿಮುದ್ರಿಸಿ ತರಲು ಹೇಳಲಿ. ಮುದ್ರಿಸಿದ್ದರ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ, ಒಂದು ಆ ಮನೆಯವರಿಗೆ. ಅಂಥ ಮನೆ ಗೊತ್ತಿರುವ ಸಹಪಾಠಿಗಳು ಹಳ್ಳಿಯ ಹೆಸರನ್ನೂ ಬಸ್ಸಿನ ವೇಳೆಯನ್ನೂ ಒಂದು ಚೀಟಿಯಲ್ಲಿ ಬರೆದು ಗ್ರಂಥಾಲಯದ ಮೇಜಿನ ಮೇಲೆ ಇಟ್ಟರೆ ಸಾಕು. ಕುರುಗೋಡು ಕಡೆಯ ಆ ಹಳ್ಳಿಯ ಹೆಸರು ಬರೆದ ಮೊದಲ ಚೀಟಿಯನ್ನು ನಾನು ಇಟ್ಟಿದ್ದೇನೆ.